ತಣ್ಣನೆ ಕೋಣೆಯ ಹಾಲು

ಫೆಬ್ರವರಿ 9

ಅಕ್ಕಾ,

ನೀನು ಹೊಲಿದು ಕಳಿಸಿದ ನೋಟ್‌ಬುಕ್ ತಲುಪಿತು. ಲ್ಯಾಬಿನಲ್ಲಿ ಎಲ್ಲರೂ ಯಂತ್ರದ ಹೊಲಿಗೆ ಎಂದುಕೊಂಡರು. "ನಮ್ಮಕ್ಕ ಲೈಬ್ರರೀಲಿ ಹರಿದ ಪುಸ್ತಕ ರಿಪೇರಿ ಮಾಡೋಳು, ಎಲ್ಲಾ ಕೈಕೆಲಸ" ಎಂದರೆ ಯಾರೂ ನಂಬಲಿಲ್ಲ.

ಇವತ್ತು ಬರೆಯುತ್ತಿರುವ ವಿಷಯ ಬೇರೆ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಿನಗೆ ಹೇಳದೆ ಇಟ್ಟುಕೊಳ್ಳುವುದೂ ಸರಿಯಲ್ಲ ಅನ್ನಿಸಿತು.

ಕಳೆದ ವಾರ ಒಬ್ಬರು ಹಿರಿಯ ವೈದ್ಯರು ನಮ್ಮ ಲ್ಯಾಬಿನವರಿಗಾಗಿ ಉಪನ್ಯಾಸ ಕೊಟ್ಟರು. ವಿಷಯ ನಿನ್ನ ಕಾಯಿಲೆಯೇ. ದೇಹವನ್ನು ಕಾಯಬೇಕಾದ ಪಡೆ ದಾರಿ ತಪ್ಪಿ ಥೈರಾಯ್ಡ್ ಗ್ರಂಥಿಯ ಮೇಲೆ ಯಾಕೆ ಬೀಳುತ್ತದೆ ಎನ್ನುವುದು. ರಕ್ತಸಂಬಂಧ, ವಯಸ್ಸು, ಹೆಣ್ಣಾಗಿರುವುದು, ಇದೆಲ್ಲ ನೀನು ಕೇಳಿದ್ದೇ. ಆಮೇಲೆ ಒಂದು ಬ್ಯಾಕ್ಟೀರಿಯಾದ ಹೆಸರು ಹೇಳಿದರು. ಯೆರ್ಸಿನಿಯಾ. ಅದರ ಮೈಯ ಒಂದು ಭಾಗ ಥೈರಾಯ್ಡಿನ ಒಂದು ಭಾಗವನ್ನು ಹೋಲುತ್ತದಂತೆ. ಸೋಂಕು ತಗುಲಿದಾಗ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕಳ್ಳನನ್ನು ಹೋಲುವ ಮನೆಯವನನ್ನೇ ಹಿಡಿದು ಚಚ್ಚುವ ಕಾವಲುಗಾರನ ಹಾಗೆ, ಅವು ಮುಂದೆಂದೋ ಗ್ರಂಥಿಯ ಮೇಲೆ ತಿರುಗಬಹುದು. ತಿರುಗಬಹುದು, ಅಷ್ಟೆ.

ಆ ಕ್ರಿಮಿಯ ಪರಿಚಯ ನನಗಿದೆ. ಅದಕ್ಕೆ ಚಳಿ ಇಷ್ಟ. ಅದನ್ನು ಹುಡುಕಬೇಕಾದರೆ ನಾವು ಮಾದರಿಯನ್ನು ಒಂದು ದ್ರಾವಣದಲ್ಲಿ ಕಲಸಿ, ಫ್ರಿಜ್‌ನಲ್ಲಿಟ್ಟು ಮೂರು ವಾರ ಅದರ ತಂಟೆಗೆ ಹೋಗುವುದಿಲ್ಲ. ಬೇರೆ ಜೀವಿಗಳು ಮುದುಡಿ ಕೂತಾಗ ಇದೊಂದು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಕಾಯಿಸದೆ ತಣ್ಣಗಿಟ್ಟ ಹಾಲಿನಲ್ಲೂ ಹಾಗೆಯೇ.

ಡೇರಿಯ ತಣ್ಣನೆ ಕೋಣೆ ನೆನಪಾಯಿತಾ? ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಪ್ಪನಿಗೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಒಳಗೆ ನುಸುಳುತ್ತಿದ್ದೆವು. ಅಪ್ಪ ತನ್ನ ಬೂದು ಬಣ್ಣದ ಉಣ್ಣೆ ಕೋಟನ್ನು ನಮ್ಮಿಬ್ಬರ ಮೇಲೂ ಹೊದಿಸಿ, ಊಟ ಮಾಡಲು ಹೊರಗೆ ಹೋಗುತ್ತಿದ್ದ. ಹಿಂದಿನ ಸಂಜೆ ತಡವಾಗಿ ಬಂದ ಹಸಿ ಹಾಲಿನ ಕ್ಯಾನುಗಳು ಗೋಡೆಗುಂಟ ನಿಂತಿರುತ್ತಿದ್ದವು. ನೀನು ಮುಚ್ಚಳ ತೆಗೆದು, ಡೇರಿಯ ರುಚಿ ನೋಡುವವನ ಹಾಗೆ ಮೊದಲು ಮೂಸಿ, ಆಮೇಲೆ ಮುಚ್ಚಳದಲ್ಲೇ ಒಂದು ಗುಟುಕು ಕುಡಿದು, "ಊಹೂಂ, ಈ ಹಾಲು ಕೆಟ್ಟಿದೆ, ನೀನು ಕುಡೀಬೇಡ" ಎನ್ನುತ್ತಿದ್ದೆ. ಚೆಲ್ಲಿದರೆ ಗೊತ್ತಾಗುತ್ತದೆಂದು ಉಳಿದದ್ದನ್ನೂ ನೀನೇ ಕುಡಿದು ಮುಗಿಸುತ್ತಿದ್ದೆ. ನನ್ನನ್ನು ಅಷ್ಟು ಜೋಪಾನ ಮಾಡಿದವರು ಇನ್ನೊಬ್ಬರಿಲ್ಲ.

ಅದೇ ಬೇಸಿಗೆಯಲ್ಲಿ ನಿನಗೆ ಜ್ವರ ಬಂತು, ಹೊಟ್ಟೆಯ ಬಲಭಾಗದಲ್ಲಿ ನೋವು ಬಂತು. ಅಪೆಂಡಿಕ್ಸ್ ಎಂದು ಕೊಯ್ದರು, ನೋಡಿದರೆ ಅದು ಚೆನ್ನಾಗಿಯೇ ಇತ್ತು. ಈ ಕ್ರಿಮಿ ಮಾಡುವುದೇ ಹಾಗಂತೆ ಅಕ್ಕಾ. ಅಪೆಂಡಿಕ್ಸಿನ ನೋವನ್ನೇ ತಂದು ಸರ್ಜನ್‌ಗಳನ್ನೂ ಮೋಸ ಮಾಡುತ್ತದಂತೆ.

ಇದು ಬರೀ ಊಹೆ. ಆದರೂ ನಿನಗೆ ಗೊತ್ತಿರಲಿ ಅನ್ನಿಸಿತು.

ನಿನ್ನ
ಕಡ್ಡಿ


ಫೆಬ್ರವರಿ 24

ಕಡ್ಡೀ,

ಅಂಟು ಮೆತ್ತಿದ ಕೈಯಲ್ಲೇ ನಿನ್ನ ಪತ್ರ ಒಡೆದೆ. ಮೊದಲ ಹಾಳೆ ಮೇಜಿಗೆ ಕಚ್ಚಿಕೊಂಡಿತು. ಅಂಟಿದ ಹಾಳೆ ಎಬ್ಬಿಸುವುದೇ ನನ್ನ ಕೆಲಸವಾದ್ದರಿಂದ ಒಂದಕ್ಷರವೂ ಹೋಗಲಿಲ್ಲ. ಮೂರು ಸಲ ಓದಿದೆ. 

ಸಂಜೆ ಅಮ್ಮನಿಗೆ ಕೂಗಿ ಓದಿ ಹೇಳಿದೆ. ಅವಳ ಕಿವಿ ಈಗ ಇನ್ನೂ ಮಂದ. ಪಕ್ಕದ ಮನೆಯ ಟೀಚರಮ್ಮನಿಗೂ ಕೇಳಿಸಿರಬೇಕು.

"ಅಮ್ಮಾ, ಅವತ್ತು ನಂಗೆ ನಿಜವಾಗ್ಲೂ ನೋವಿದ್ದಿರಬಹುದು ಅಂತ ಕಡ್ಡಿ ಬರೆದಿದ್ದಾಳೆ."

"ಯಾವತ್ತು?"

"ಹೊಟ್ಟೆ ಕೊಯ್ದಿದ್ರಲ್ಲ, ಅವತ್ತು."

"ಓ, ಅದಾ. ನಿಂಗೆ ಪರೀಕ್ಷೆ ಇತ್ತಲ್ಲ."

ನೋಡು! ಮೂವತ್ತನಾಲ್ಕು ವರ್ಷವಾದರೂ ಪರೀಕ್ಷೆಗೆ ಹೆದರಿ ಹೊಟ್ಟೆನೋವು ಎಂದಳು ಎಂಬ ಮಾತು ನನ್ನ ಬೆನ್ನು ಬಿಡಲಿಲ್ಲ. ಹಾಲಿನ ವಿಷಯ ಹೇಳಿದರೆ ಅಮ್ಮ ಅಂದಳು, "ನಾನು ಆಗ್ಲೇ ಕೇಳಿದ್ನಲ್ಲ, ಏನಾದ್ರೂ ತಿಂದ್ರಾ ಕುಡಿದ್ರಾ ಅಂತ. ಚಿಕ್ಕೋಳು ಇಲ್ಲ ಅಂದ್ಳು." ಹೌದೇನೇ? ನಿನಗೆ ನೆನಪಿದೆಯಾ? ಅಪ್ಪನ ಕೆಲಸ ಹೋಗುತ್ತದೆಂದು ನಾನೂ ಬಾಯಿ ಬಿಟ್ಟಿರಲಿಲ್ಲ ಬಿಡು. ಕ್ಯಾನು ಮುಟ್ಟಿದವರನ್ನು ಮನೆಗೆ ಕಳಿಸುತ್ತಾರೆಂದು ಬಾಗಿಲ ಮೇಲೇ ಬರೆದಿತ್ತಲ್ಲ.

ಆದರೆ ಕಡ್ಡೀ, ಒಂದು ಮಾತು. ಆಮೇಲೆ ನನಗೆ ತಲೆನೋವು ಬಂದರೂ ಅಮ್ಮ "ಶುರುವಾಯ್ತು ನಾಟಕ" ಎನ್ನುತ್ತಿದ್ದಳು. ತಮಾಷೆಗೇ. ಇಪ್ಪತ್ತೆಂಟರಲ್ಲಿ ಮೈ ಊದಿ, ಕೂದಲು ಉದುರಿ, ಮೆಟ್ಟಿಲು ಹತ್ತಲಾಗದೆ ಕೂತಾಗ ನಾನೇ ನನಗೆ "ಶುರುವಾಯ್ತು" ಎಂದುಕೊಂಡೆ. ಎರಡು ವರ್ಷ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದಾಗ ಅವರು, "ಇಷ್ಟು ದಿನ ಹೇಗಮ್ಮಾ ಓಡಾಡ್ಕೊಂಡಿದ್ರಿ?" ಎಂದರು. ಅವತ್ತಿನಿಂದ ಹದಿನೆಂಟು ವರ್ಷ ದಿನಾ ಬೆಳಿಗ್ಗೆ ಒಂದು ಮಾತ್ರೆ. ಆ ಎರಡು ವರ್ಷದ ಮೇಲೆ ನನಗೆ ಇವತ್ತಿಗೂ ಸಿಟ್ಟು. ನಿನ್ನ ಪತ್ರ ಬಂದ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ಕ್ರಿಮಿಯಾದರೂ ಸಿಕ್ಕಿತು.

ನನ್ನ ತಲೆಯಲ್ಲಿ ಒಂದು ಯೋಜನೆ ಇದೆ. ಈಗಲೇ ಕೇಳಬೇಡ. ಫಲ ಸಿಕ್ಕಿದ ಮೇಲೆ ಹೇಳುತ್ತೇನೆ. ನಾಳೆ ನಮ್ಮ ಬೀದಿಯ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ.

ಅಕ್ಕ


ಮಾರ್ಚ್ 12

ಅಕ್ಕಾ,

ನೀನು ಇಷ್ಟು ಖುಷಿಪಟ್ಟದ್ದು ನೋಡಿ ನನಗೆ ಖುಷಿಯ ಜೊತೆ ಭಯವೂ ಆಯಿತು. ನಾನು ಅಳೆದು ತೂಗಿ ಬರೆದೆ ಎಂದುಕೊಂಡಿದ್ದೆ, ನಿನ್ನ ಕೈಗೆ ಬರುವಷ್ಟರಲ್ಲಿ ಅದು ತೀರ್ಪಾಗಿಬಿಟ್ಟಿದೆ.

ಆ ವೈದ್ಯರನ್ನು ಮತ್ತೆ ಕಂಡು ಕೇಳಿದೆ. ಕೆಲವು ಅಧ್ಯಯನಗಳಲ್ಲಿ ಥೈರಾಯ್ಡ್ ಕಾಯಿಲೆಯವರ ರಕ್ತದಲ್ಲಿ ಈ ಕ್ರಿಮಿಯ ಪ್ರತಿಕಾಯಗಳು ಹೆಚ್ಚು ಕಂಡಿವೆ, ಇನ್ನು ಕೆಲವುಗಳಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ಹೋಲಿಕೆ ಇರುವುದರಿಂದಲೇ ಪರೀಕ್ಷೆ ಎರಡನ್ನೂ ಒಂದೆಂದು ತಿಳಿದು ಮೋಸಹೋಗಲೂಬಹುದು. ನಿನ್ನ ರಕ್ತವನ್ನು ಪರೀಕ್ಷಿಸಬಹುದೇ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ, ಅದರಿಂದ ಏನೂ ಸಾಬೀತಾಗದು. ಪ್ರತಿಕಾಯ ಸಿಗದಿದ್ದರೆ ಮೂವತ್ತನಾಲ್ಕು ವರ್ಷದಲ್ಲಿ ಅಳಿಸಿಹೋಗಿರಬಹುದು. ಸಿಕ್ಕಿದರೆ ಕಳೆದ ವರ್ಷ ತಿಂದ ಯಾವುದರಿಂದಲೋ ಬಂದಿರಬಹುದು.

ನಿನ್ನ ಯೋಜನೆ ಏನೆಂದು ಕೇಳುವುದಿಲ್ಲ. ಲೈಬ್ರರಿಗೆ ಪುಸ್ತಕ ಒತ್ತುವ ಹೊಸ ಪ್ರೆಸ್ಸು ತರಿಸುವ ಮಾತು ಮೊದಲಿನಿಂದಲೂ ಇತ್ತಲ್ಲ, ಅದೇ ಇರಬೇಕು.

ಈಗ ಡೇರಿಯ ನೆನಪು ಬಿಡುತ್ತಿಲ್ಲ. ಆ ಬಾಗಿಲಿನ ಹಿಡಿ ನೆನಪಿದೆಯಾ? ನಾವಿಬ್ಬರೂ ಜೋತುಬಿದ್ದರೆ ಮಾತ್ರ ಬಗ್ಗುತ್ತಿತ್ತು. ಒಳಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ನೀನು ಬೆರಳ ನಡುವೆ ಕಡ್ಡಿ ಹಿಡಿದು ಸಿಗರೇಟು ಸೇದುವ ಮ್ಯಾನೇಜರ್ ಆಗುತ್ತಿದ್ದೆ. "ಏಯ್ ಕಡ್ಡಿ, ಎಷ್ಟು ಕ್ಯಾನ್ ಬಂತು ಇವತ್ತು?" ನಾನು "ಒಂಬತ್ತು ಸಾರ್" ಎನ್ನುತ್ತಿದ್ದೆ. ಎಷ್ಟು ಬಂದಿದ್ದರೂ ಒಂಬತ್ತೇ, ನನ್ನ ವಯಸ್ಸು.

ಕಡ್ಡಿ


ಏಪ್ರಿಲ್ 20

ಕಡ್ಡೀ,

ಉತ್ತರ ತಡವಾಯಿತು. ಬರೆಯಬೇಕೆಂದು ಕೂರುತ್ತೇನೆ, ಹಾಗೇ ತೂಕಡಿಕೆ ಬರುತ್ತದೆ. ಬೇಸಿಗೆಯಲ್ಲವಾ.

ಪೆಟ್ಟಿಗೆಯಿಂದ ಅಪ್ಪನ ಕೋಟು ತೆಗೆದಿದ್ದೇನೆ. ಮನೆಯಲ್ಲಿ ಹಾಕಿಕೊಂಡಿರುತ್ತೇನೆ. ಒಂದು ತೋಳು ನುಸಿ ತಿಂದಿದೆ, ತೇಪೆ ಹಾಕಬೇಕು. ಅಮ್ಮ ಬೀಸಣಿಗೆ ಹಿಡಿದು ಎದುರಿಗೆ ಕೂತು, "ನೋಡೋಕೇ ಆಗಲ್ಲ ನಿನ್ನ, ತೆಗಿಯೇ ಅದನ್ನ" ಎನ್ನುತ್ತಾಳೆ.

ಕೆಲಸದಲ್ಲಿ ಒಂದು ತಪ್ಪಾಯಿತು. ಹಳೆಯ ಭೂಪಟದ ಪುಸ್ತಕದ ಹಾಳೆಗಳ ಒಂದು ಕಟ್ಟನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಬಿಚ್ಚಿ ಮತ್ತೆ ಹೊಲಿದೆ. ಬೆರಳು ಜೋಮು ಹಿಡಿದ ಹಾಗೆ, ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ.

ಫೋನ್ ಮಾಡಬೇಡ. ಗಂಟಲು ಕಟ್ಟಿದೆ, ನನ್ನ ದನಿ ನನಗೇ ಗುರುತು ಸಿಗುವುದಿಲ್ಲ.

ಆಗ ಅಮ್ಮ ಕೇಳಿದಾಗ ನೀನು ಇಲ್ಲ ಅಂದೆಯಾ ಎಂದು ಕೇಳಿದ್ದೆನಲ್ಲ. ಅದಕ್ಕೆ ನೀನು ಏನೂ ಬರೆಯಲಿಲ್ಲ.

ಅಕ್ಕ


ಮೇ 2

ಅಕ್ಕಾ,

ನಿನ್ನ ಪತ್ರದಲ್ಲಿ ಕೋಟು ಎಂಬ ಪದ ಓದಿದ್ದೇ ನನಗೆ ಉಳಿದದ್ದು ಮರೆತುಹೋಯಿತು. ಅದನ್ನು ಇನ್ನೂ ಇಟ್ಟುಕೊಂಡಿದ್ದೀಯಾ! ಒಂದು ಪಕ್ಕದ ಜೇಬಿನಲ್ಲಿ ನಿನ್ನ ಕೈ, ಇನ್ನೊಂದರಲ್ಲಿ ನನ್ನ ಕೈ, ನಡುವೆ ನಾಲ್ಕು ಗುಂಡಿ. ಎರಡನೇ ಗುಂಡಿ ಬೇರೆ ಬಣ್ಣದ್ದು, ಅಮ್ಮ ತನ್ನ ಜಾಕೆಟಿನದು ಕಿತ್ತು ಹಾಕಿದ್ದಳು. ಒದ್ದೆ ಉಣ್ಣೆಯ, ಹಾಲಿನ, ಅಪ್ಪನ ಸೋಪಿನ ವಾಸನೆ ಇದೆಯಾ ಇನ್ನೂ? ಹಾಕಿಕೋ ಅಕ್ಕಾ, ಅಮ್ಮ ಏನಾದರೂ ಅನ್ನಲಿ. ನಾನು ಅಲ್ಲಿದ್ದರೆ ನಾನೂ ಒಂದು ತೋಳು ತೂರಿಸುತ್ತಿದ್ದೆ.

ತಲೆಕೆಳಗಿನ ಹೊಲಿಗೆಯ ಬಗ್ಗೆ ಕೊರಗಬೇಡ. ನಲವತ್ತೆಂಟಾಯಿತು, ಕನ್ನಡಕ ಬದಲಾಯಿಸು. ನನಗೂ ಮೈಕ್ರೋಸ್ಕೋಪು ಮೊದಲಿನ ಹಾಗೆ ಹೊಂದುತ್ತಿಲ್ಲ.

ನಿನ್ನ ಪತ್ರ ಚಿಕ್ಕದಿತ್ತು. ಕೊನೆಯ ಸಾಲು ಇನ್ನೂ ಚಿಕ್ಕದಿತ್ತು. ಕೋಪ ಮಾಡಿಕೊಂಡಿದ್ದೀಯಾ ಎಂದು ಕಾಣುತ್ತದೆ, ಮಾಡಿಕೊಳ್ಳುವ ಹಕ್ಕೂ ನಿನಗಿದೆ. ಆ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಈ ಪತ್ರದಲ್ಲಲ್ಲ. ಎರಡು ಸಲ ಬರೆದು ಹರಿದೆ.

ಕಡ್ಡಿ


ಮೇ 21

ಕಡ್ಡಿ,

ನಿನ್ನ ಪತ್ರ ಬಂತು. ಕೆಲಸದಲ್ಲಿ ಒಂದು ತಪ್ಪಾಯಿತು. ಭೂಪಟದ ಪುಸ್ತಕದ ಒಂದು ಕಟ್ಟು ತಲೆಕೆಳಗಾಗಿ ಹೊಲಿದೆ. ನಿನಗೆ ಹೇಳಿರಲಿಲ್ಲ ಅನ್ನಿಸುತ್ತದೆ. ಸದ್ಯಕ್ಕೆ ರಜೆ ಹಾಕಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಕೋಟು ಚೆನ್ನಾಗಿದೆ.

ಅಕ್ಕ


ಮೇ 27, ಕೊರಿಯರ್ ಮೂಲಕ

ಅಕ್ಕಾ, ಇದನ್ನು ನೀನೊಬ್ಬಳೇ ಓದು.

ಇವತ್ತು ಬೆಳಿಗ್ಗೆ ನಮ್ಮ ಲ್ಯಾಬಿನ ಶೀತಲ ಕೊಠಡಿಗೆ ಹೋಗಬೇಕಿತ್ತು. ಮೊಳೆಗೆ ತೂಗಿದ ಜಾಕೆಟಿಗೆ ಕೈ ಹಾಕಿದೆ. ಹಾಕಿದ ಕೈ ಹಾಗೇ ನಿಂತಿತು. ನಾನು ಜಾಕೆಟ್ ತೆಗೆಯುತ್ತಿರುವುದು ಚಳಿ ಇರುವುದಕ್ಕೆ. ನಿನ್ನ ಊರಿನಲ್ಲಿ ಅಮ್ಮ ಬೀಸಣಿಗೆ ಬೀಸುತ್ತಿದ್ದಾಳೆ, ನೀನು ಉಣ್ಣೆ ಕೋಟಿನಲ್ಲಿದ್ದೀಯ.

ನಿನ್ನ ಮೂರು ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಕ್ಷರ ದಪ್ಪವಾಗುತ್ತಾ, ಸಾಲು ಜಾರುತ್ತಾ ಹೋಗಿದೆ. ನಿದ್ದೆ, ಜೋಮು, ಒಡೆದ ದನಿ, ಮರೆವು. ಎಲ್ಲವನ್ನೂ ನೀನೇ ಬರೆದಿದ್ದೆ. ನಾನು ಕೋಟಿನ ವಾಸನೆ ಕೇಳುತ್ತಾ ಕೂತಿದ್ದೆ. ಇಪ್ಪತ್ತು ವರ್ಷದಿಂದ ಗಾಜಿನ ತಟ್ಟೆಯಲ್ಲಿ ಎಳ್ಳು ಕಾಳಿನಷ್ಟು ಬದಲಾವಣೆ ಕಂಡರೂ ಗುರುತು ಹಾಕುವವಳು ನಾನು.

ತಕ್ಷಣ ಫೋನ್ ಮಾಡಿದೆ. ಅಮ್ಮ ಎತ್ತಿದಳು. ಅವಳಿಗೆ ಕೇಳಲೆಂದು ಕೂಗಿಯೇ ಮಾತಾಡಿದೆ.

"ಅಕ್ಕ ಎಲ್ಲಿ?"

"ಮಲಗಿದ್ದಾಳೆ."

"ಬೆಳಿಗ್ಗೆ ಹನ್ನೊಂದು ಗಂಟೇಲಿ? ಅಮ್ಮಾ, ದಿನಾ ಮಾತ್ರೆ ತಗೋತಿದ್ದಾಳಾ?"

"ಅದನ್ನ ಬಿಟ್ಟು ಮೂರು ತಿಂಗಳಾಗ್ತಾ ಬಂತಲ್ಲ. ಕ್ಲಿನಿಕ್ಕಿನೋರು ಹೊಟ್ಟೆಗೆ ಅಂತ ಬೇರೆ ಔಷಧಿ ಕೊಟ್ರು, ಹತ್ತು ದಿನ ತಗೊಂಡ್ಳು. ಕ್ರಿಮಿ ಸತ್ತ ಮೇಲೆ ಮಾತ್ರೆ ಯಾಕಂತೆ. ನೀನೇ ಬರೆದಿದ್ಯಂತೆ."

ನಾನು ಹಾಗೆ ಬರೆದಿರಲಿಲ್ಲ. ಆದರೆ ನಾನು ಏನು ಬರೆದಿರಲಿಲ್ಲ ಎಂದು ನೋಡಿದೆ. ಒಂದಿಡೀ ಪತ್ರದ ತುಂಬ ಅನುಮಾನ ಬರೆದೆ. ಆರಂಭದಲ್ಲಿ ಏನೇ ಕಾರಣವಾಗಿದ್ದರೂ ಗ್ರಂಥಿ ಈಗಾಗಲೇ ಸೋತಿದೆ, ಅದರ ಕೆಲಸವನ್ನು ಮಾತ್ರೆಯೇ ಮಾಡಬೇಕು, ನಿಲ್ಲಿಸಬೇಡ ಎಂಬ ಒಂದು ಸಾಲು ಬರೆಯಲಿಲ್ಲ. ಯೋಜನೆ ಏನು ಎಂದೂ ಕೇಳಲಿಲ್ಲ. ಕೇಳಿದರೆ ನೀನೂ ಆ ಇನ್ನೊಂದು ಪ್ರಶ್ನೆಯನ್ನು ಮತ್ತೆ ಕೇಳುತ್ತೀಯ ಎಂಬ ಹೆದರಿಕೆ.

ಟೀಚರಮ್ಮನಿಗೆ ಫೋನ್ ಮಾಡಿದ್ದೇನೆ. ಇವತ್ತೇ ನಿನ್ನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಈ ಪತ್ರ ಸೇರುವಷ್ಟರಲ್ಲಿ ನೀನು ಅಲ್ಲಿರುತ್ತೀಯ. ನಾನೂ ರಜೆಗೆ ಬರೆದಿದ್ದೇನೆ.

ಈಗ ಆ ಉತ್ತರ. ಫೋನಿನಲ್ಲಿ ಹೇಳಲು ನನ್ನಿಂದಾಗದು.

ನಿನಗೆ ನೋವು ಬಂದ ಎರಡನೇ ದಿನ ಅಮ್ಮ ಅಡುಗೆಮನೆ ಬಾಗಿಲಲ್ಲಿ ನನ್ನ ಭುಜ ಹಿಡಿದು ಕೇಳಿದಳು. ನಾನು ಇಲ್ಲ ಎಂದೆ. ಅಷ್ಟೇ ಆಗಿದ್ದರೆ ಇಷ್ಟು ವರ್ಷ ನನಗೆ ಈ ಹಿಂಸೆ ಇರುತ್ತಿರಲಿಲ್ಲ. ಅಮ್ಮ ನಂಬದವಳ ಹಾಗೆ ನೋಡುತ್ತಿದ್ದಳು. ಅಪ್ಪನ ಕೆಲಸ ಹೋಗುತ್ತದೆ, ಕ್ವಾರ್ಟರ್ಸ್ ಖಾಲಿ ಮಾಡಬೇಕಾಗುತ್ತದೆ ಎಂದು ಹೆದರಿದೆ. ಆಗ ಬಾಯಿಗೆ ಬಂದದ್ದನ್ನು ಹೇಳಿದೆ. "ಅಕ್ಕ ಸುಮ್ನೆ ಮಾಡ್ತಿದ್ದಾಳೆ ಅಮ್ಮ. ಓದಿಲ್ವಂತೆ, ಪರೀಕ್ಷೆ ತಪ್ಪಿಸ್ಕೋಬೇಕಂತೆ. ನಂಗೇ ಹೇಳಿದ್ಳು."

ನೀನು ಹಾಗೆ ಹೇಳಿರಲಿಲ್ಲ. ಜ್ವರ ಏರಿದ ಮೇಲೆ ಅಪ್ಪ, ಅಮ್ಮನೇ ನಿನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಆದರೆ ಸರ್ಜನ್ ಹೊರಗೆ ಬಂದು "ಅಪೆಂಡಿಕ್ಸ್ ಚೆನ್ನಾಗೇ ಇದೆ" ಎಂದಾಗ ಅಮ್ಮ ತಿರುಗಿ ನೋಡಿದ್ದು ನನ್ನನ್ನು. ನಾನು ಹೇಳಿದ್ದು ನಿಜವಾಯಿತು ಎನ್ನುವ ಹಾಗೆ. ಅಮ್ಮನ ಬಾಯಿಗೆ ನಾಟಕ ಎಂಬ ಮಾತು ಬಂದದ್ದು ಅಲ್ಲಿಂದ. ನೀನು ಡಾಕ್ಟರ ಹತ್ತಿರ ಹೋಗದ ಆ ಎರಡು ವರ್ಷವೂ ಅಲ್ಲಿಂದಲೇ ಬಂದದ್ದು. ನಿನ್ನ ಸಿಟ್ಟಿಗೆ ಕ್ರಿಮಿಯನ್ನು ಒದಗಿಸಿ ನಾನು ಅದರ ಹಿಂದೆ ಬಚ್ಚಿಟ್ಟುಕೊಂಡೆನೋ ಏನೋ. ನನಗೇ ಖಚಿತವಿಲ್ಲ.

ರಕ್ತದ ಪರೀಕ್ಷೆಯಿಂದ ನಿನ್ನ ನೋವು ನಿಜವೆಂದು ತೋರಿಸಲಾಗದು. ನಾನು ಹೇಳಬಲ್ಲೆ. ನೋವು ನಿಜ, ಅಕ್ಕಾ. ಸುಳ್ಳು ಹೇಳಿದ್ದು ನಾನು.

ಕಡ್ಡಿ


ಜೂನ್ 30

ಕಡ್ಡೀ,

ಅಕ್ಷರ ನೋಡು, ಚಿಕ್ಕದಾಗಿದೆಯಲ್ಲ? ನಿನಗೆ ತೋರಿಸಬೇಕೆಂದೇ ಇಷ್ಟು ದಿನ ಕಾದೆ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ನಾಡಿ ನಿಮಿಷಕ್ಕೆ ನಲವತ್ತಕ್ಕೆ ಇಳಿದಿತ್ತಂತೆ. "ಯಾರಮ್ಮಾ ಮಾತ್ರೆ ನಿಲ್ಸೋಕೆ ಹೇಳಿದ್ದು?" ಎಂದರು ಡಾಕ್ಟರಮ್ಮ. "ಯಾರೂ ಇಲ್ಲ, ನಾನೇ. ನನ್ನ ತಂಗಿ ಲ್ಯಾಬಿನಲ್ಲಿದ್ದಾಳೆ" ಎಂದೆ. "ಹಾಗಾದ್ರೆ ಪಕ್ಕದ ಮಂಚ ಅವರಿಗೆ ಇಡಿ" ಎಂದರು ನರ್ಸಿಗೆ. ಈಗ ಬೆಳಿಗ್ಗೆ ಎದ್ದ ತಕ್ಷಣ ಅಮ್ಮನೇ ಮಾತ್ರೆ, ನೀರು ಹಿಡಿದು ನಿಂತಿರುತ್ತಾಳೆ. ನುಂಗಿದ್ದು ತೋರಿಸಲು ಬಾಯಿ ತೆರೆಯಬೇಕು.

ಯೋಜನೆ ಏನಿತ್ತು ಎಂದರೆ, ಮಾತ್ರೆಯಿಲ್ಲದೆ ನಾಲ್ಕು ತಿಂಗಳು ಚೆನ್ನಾಗಿದ್ದು, ಆ ರಿಪೋರ್ಟನ್ನು ಅಮ್ಮನ ಮುಂದೆ ಹಿಡಿಯಬೇಕೆಂದಿದ್ದೆ. ನೋಡು, ಕ್ರಿಮಿಯೇ ಇತ್ತು, ನಾಟಕ ಅಲ್ಲ ಎನ್ನಬೇಕೆಂದಿದ್ದೆ. ಮೈ ಭಾರವಾದಾಗ ನಿನಗೆ ಬರೆಯಲು ನಾಚಿಕೆಯಾಯಿತು.

ನಿನ್ನ ಪತ್ರ ನನ್ನ ಕೈಗೆ ಬಂದದ್ದು ಆಸ್ಪತ್ರೆಯ ಮೂರನೇ ದಿನ. ಕಣ್ಣಿಗೆ ಅಕ್ಷರ ಹಿಡಿಯಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡಳು.

"ನೀನೊಬ್ಬಳೇ ಓದು ಅಂತ ಬರೆದಿದ್ದಾಳಲ್ಲೇ."

"ಕೊಡಮ್ಮ, ಆಮೇಲೆ ನೋಡ್ತೀನಿ."

"ಇರಲಿ ಬಿಡು. ನಂಗೆಲ್ಲಿ ಕಿವಿ ಕೇಳ್ಸತ್ತೆ, ನಾನು ಓದಿದ್ರೂ ಕೇಳ್ಸಿಕೊಂಡ ಹಾಗಲ್ಲ."

ವಾರ್ಡಿಗೆಲ್ಲ ಕೇಳುವ ಹಾಗೆ ಓದಿದಳು. ಕೋಟು, ಜಾಕೆಟು, ಟೀಚರಮ್ಮ, ಎಲ್ಲ ಓದಿದಳು. ಅಡುಗೆಮನೆ ಬಾಗಿಲ ಹತ್ತಿರ ಬಂದು ದನಿ ನಿಂತಿತು. ಪತ್ರ ಮುಗಿಯಿತು ಎಂದುಕೊಂಡೆ. ನೋಡಿದರೆ ಇನ್ನೂ ಅರ್ಧ ಹಾಳೆ ಇತ್ತು, ಅವಳು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು. ಮುಗಿಸಿ, ಮಡಿಸಿ, ನನ್ನ ದಿಂಬಿನ ಕೆಳಗಿಟ್ಟಳು. ಹೊರಗೆ ಹೋಗಿ ತುಂಬ ಹೊತ್ತು ಬರಲಿಲ್ಲ. ಬಂದವಳು ಹೊದಿಕೆಯ ಮೇಲಿಂದ, ಗಾಯದ ಗುರುತು ಎಲ್ಲಿದೆಯೆಂದು ನಿನ್ನೆ ನೋಡಿದವಳ ಹಾಗೆ, ನೇರ ಅಲ್ಲೇ ಕೈಯಿಟ್ಟಳು.

"ತುಂಬಾ ನೋವಿತ್ತೇನೇ?"

"ಹೂಂ ಅಮ್ಮ. ತುಂಬಾ."

ಅಷ್ಟೇ. ನನಗೆ ಬೇಕಾಗಿದ್ದೂ ಅಷ್ಟೇ ಎಂದು ಆಗ ಗೊತ್ತಾಯಿತು. ಇನ್ನು ನನ್ನ ರಕ್ತದಲ್ಲಿ ಆ ಕ್ರಿಮಿಯ ಜಾಡು ಇದೆಯೋ ಇಲ್ಲವೋ, ಹುಡುಕಬೇಡ.

ನಿನ್ನ ಮೇಲೆ ಕೋಪ ಬರಲಿಲ್ಲ ಎನ್ನುವುದಿಲ್ಲ. ಎರಡು ವಾರ ಬಂತು. ಬರಬೇಡ ಎಂದು ಅಮ್ಮನಿಂದ ಫೋನ್ ಮಾಡಿಸಿದ್ದು ನಾನೇ. ಭೂಪಟದ ಪುಸ್ತಕಕ್ಕೆ ಹೊಸ ರಟ್ಟು ಕಟ್ಟುತ್ತಾ ನಿನ್ನನ್ನು ಬೈದೆ. ರಟ್ಟು ತುಂಬ ಗಟ್ಟಿಯಾಗಿ ಬಂದಿದೆ. ಮೊನ್ನೆ ಕೋಟನ್ನು ಒಗೆದು ಬಿಸಿಲಿಗೆ ಹಾಕಿದೆ. ನಿನ್ನ ಕಡೆಯ ಜೇಬಿಗೆ ಕೈ ಹಾಕಿದರೆ ಈಗ ನನ್ನ ಕೈ ಅದನ್ನು ತುಂಬಿಕೊಳ್ಳುತ್ತದೆ. ಅದರಲ್ಲಿ ನಿನ್ನದು ಎಲ್ಲಿ ಕಾಣುತ್ತಿತ್ತೋ, ಒಂಬತ್ತು ವರ್ಷದ ಕೈ ಎಷ್ಟು ಚಿಕ್ಕದು ಎಂದು ಅಳೆದು ನೋಡಿದೆ. ಕೋಪ ಅಲ್ಲಿಗೆ ನಿಂತಿತು.

ಈಗ ಬಾ. ಬರುವ ಮೊದಲು ನಾನೂ ಒಂದು ಹೇಳಿಬಿಡುತ್ತೇನೆ, ನೀನೊಬ್ಬಳೇ ಸುಳ್ಳುಗಾರ್ತಿ ಎಂದು ಮೆರೆಯಬೇಡ. ಮೊದಲ ಪತ್ರದಲ್ಲಿ ಬರೆದಿದ್ದೆಯಲ್ಲ, ಅಕ್ಕ ರುಚಿ ನೋಡಿ, ಹಾಲು ಕೆಟ್ಟಿದೆ, ನೀನು ಕುಡೀಬೇಡ ಎಂದು ಜೋಪಾನ ಮಾಡಿದಳು ಎಂದು. ಅದನ್ನು ಓದಿ ನನಗೆ ಮುಖ ಎತ್ತಲಾಗಲಿಲ್ಲ.

ಒಂದು ದಿನವೂ ಕೆಟ್ಟಿರಲಿಲ್ಲ ಕಣೇ. ಪೂರ್ತಿ ನನಗೇ ಬೇಕಿತ್ತು. ಅಷ್ಟು ರುಚಿಯಾದ ಹಾಲನ್ನು ನಾನು ಆಮೇಲೆ ಕುಡಿದೇ ಇಲ್ಲ.

ನಿನ್ನ
ಅಕ್ಕ